ಕ್ರಿಕೆಟ್ ಆಟದಲ್ಲಿ ಎಸೆತವೂ ಕಾಲಗತಿಯೂ

1

ಕ್ರಿಕೆಟ್ ನಿಧಾನದ ಆಟವೆಂಬ ಆಕ್ಷೇಪ ಹೊಸದಲ್ಲ. ಐದು ದಿನ ಆಡಿದ ಮೇಲೂ ಸೋಲುಗೆಲುವುಗಳ ನಿರ್ಣಯವಾಗದೆ ಉಭಯ ಪಕ್ಷಗಳವರೂ ಕೈಕುಲುಕಿ ಹೊರಟುಹೋಗುವ ಆಟದಲ್ಲಿ ಏನು ಸ್ವಾರಸ್ಯವಿದ್ದೀತೆಂದು ಕೇಳುವವರು ನಮ್ಮ ಸುಶಿಕ್ಷಿತ ವರ್ಗದಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಈ ಆಕ್ಷೇಪವನ್ನು ಎತ್ತುವವರೂ, ಅದಕ್ಕೆ ಪರಿಹಾರವೆಂದು ಆಟವನ್ನು ಇಪ್ಪತ್ತು ಓವರುಗಳಿಗೆ ಮೊಟಕುಗೊಳಿಸಿದವರೂ ಒಂದು ವಿಷಯದಲ್ಲಿ ಏಕಾಭಿಪ್ರಾಯವುಳ್ಳವರೇ ಆಗಿದ್ದಾರೆ. ಆಟದ ಗತಿಯೆಂಬುದು ಗಡಿಯಾರದಿಂದ ಅಳೆಯತಕ್ಕ ವಸ್ತು ಎಂಬುದೇ ಆ ಅಭಿಪ್ರಾಯ. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಲೆಕ್ಕವನ್ನೇ ವೃತ್ತಿಯಾಗಿಸಿಕೊಂಡವನ ಚಪಲವೆಂದು ವಾಚಕರು ಮನ್ನಿಸಬೇಕು. ಟೆಸ್ಟ್ ಪಂದ್ಯದಲ್ಲಿ ದಿನಕ್ಕೆ ಆರು ಗಂಟೆಗಳ ಆಟ. ಅಷ್ಟರಲ್ಲಿ 90 ಓವರುಗಳು ಮುಗಿಯಬೇಕೆಂಬುದು ನಿಯಮ. ಎಂದರೆ 540 ಎಸೆತಗಳು, ಎಸೆತವೊಂದಕ್ಕೆ ಸರಾಸರಿ 40 ಸೆಕೆಂಡುಗಳು. ಪಿಚ್ಚಿನ ಉದ್ದ 22 ಗಜಗಳಾದರೂ ಬೌಲರನು ಚೆಂಡನ್ನು ಬಿಡುವ ಗೆರೆಗೂ ದಾಂಡಿಗನು ನಿಲ್ಲುವ ಗೆರೆಗೂ ಇರುವ ಅಂತರ 58 ಅಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಈ ಅಂತರವನ್ನು ಹೆಚ್ಚುಕಡಿಮೆ ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. 85 ಕಿಲೋಮೀಟರ್ ವೇಗದ ಸ್ಪಿನ್ ಚೆಂಡಿಗೆ ಮುಕ್ಕಾಲು ಸೆಕೆಂಡು ಅಥವಾ ಅದಕ್ಕಿಂತ ತುಸು ಹೆಚ್ಚು ಬೇಕು. ಸರಾಸರಿ 0.6 ಸೆಕೆಂಡು ಎಂದು ಹಿಡಿದರೆ 540 ಎಸೆತಗಳಿಗೆ 324 ಸೆಕೆಂಡುಗಳಾಗುತ್ತವೆ. ಆರು ಗಂಟೆಗಳ ದಿನದಲ್ಲಿ ಚೆಂಡು ಬೌಲರನ ಕೈಯಿಂದ ದಾಂಡಿನವರೆಗೆ ಸಂಚರಿಸುವ ಒಟ್ಟು ಕಾಲ ಐದೂವರೆ ನಿಮಿಷಕ್ಕೂ ಕಡಿಮೆ!

ದಾಂಡಿನಿಂದ ಹೊರಟ ಚೆಂಡಿನ ಓಟವನ್ನೂ ದಾಂಡಿಗರ ಓಟವನ್ನೂ ಸೇರಿಸಿದರೂ ದಿನದ ಬಹುಭಾಗ ಹಾಗೆಯೇ ಉಳಿಯುತ್ತದೆ. ಹಾಗಾದರೆ ಪ್ರೇಕ್ಷಕನು ದಿನವಿಡೀ ಕುಳಿತು ನೋಡುವುದಾದರೂ ಏನನ್ನು? ಒಂದು ಎಸೆತಕ್ಕೂ ಮುಂದಿನ ಎಸೆತಕ್ಕೂ ನಡುವಣ ಅವಕಾಶವನ್ನೇ ಎಂದು ಹೇಳದೆ ವಿಧಿಯಿಲ್ಲ. ಆ ಅವಕಾಶ ಬರಿದಾಗಿದ್ದರೆ ಆಟ ಬೇಸರದ್ದು. ತುಂಬಿದ್ದರೆ ಆಟ ರಸವತ್ತಾದುದು. ಅದನ್ನು ಬರಿದು ಮಾಡುವ ಅಥವಾ ತುಂಬುವ ಅಧಿಕಾರ ಬಹುಮಟ್ಟಿಗೆ ಬೌಲರನದು. ಎಸೆತ ಆರಂಭವಾಗುವುದು ಅವನ ಇಚ್ಛೆಯಿಂದ. ದಾಂಡಿಗನಿಗೆ ಉಳಿದಿರುವುದು ಉತ್ತರ ಹೇಳುವ ಕೆಲಸ ಮಾತ್ರ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ವೇಗದ ಬೌಲರನು ದೂರದಿಂದ ಓಡಿಬಂದು ಎಸೆದು, ಅಷ್ಟೇ ದೂರ ನಡೆದು ಹಿಂದಿರುಗುತ್ತಾನೆ. ಅವನ ಒಂದು ಓವರಿಗೆ ನಾಲ್ಕೈದು ನಿಮಿಷಗಳು ಹಿಡಿಯುತ್ತವೆ. ಸ್ಪಿನ್ ಬೌಲರನು ನಾಲ್ಕು ಹೆಜ್ಜೆಯಲ್ಲಿ ಬಂದು ಎಸೆಯುವವನಾದ್ದರಿಂದ ಅವನ ಓವರು ಮೂರು ನಿಮಿಷಕ್ಕೆ ಮುಗಿದರೂ ಮುಗಿಯಿತು. ಎಂದರೆ ಚೆಂಡು ವೇಗವಾದಂತೆ ಆಟ ಗಡಿಯಾರದ ಲೆಕ್ಕದಲ್ಲಿ ನಿಧಾನವಾಗುತ್ತದೆ. ಚೆಂಡು ನಿಧಾನವಾದಂತೆ ಆಟ ಚುರುಕಾಗುತ್ತದೆ. ಚೆಂಡಿನ ವೇಗ ಬೇರೆ, ಆಟದ ಗತಿ ಬೇರೆ ಎಂಬುದಕ್ಕೆ ಇದೊಂದೇ ಸಾಕು.

ಕನ್ನಡ ಕಾವ್ಯವನ್ನು ಓದಿದವರಿಗೆ ಈ ವಿಷಯ ಅಪರಿಚಿತವಾಗಬೇಕಾದುದಿಲ್ಲ. ಓವರಿನಲ್ಲಿ ಆರು ಎಸೆತಗಳಿರುವಂತೆ ಷಟ್ಪದಿಯಲ್ಲಿ ಆರು ಪಾದಗಳು. ಅವುಗಳಲ್ಲಿ ಮೂರನೆಯದೂ ಆರನೆಯದೂ ದೀರ್ಘವಾದವು. ಮೊದಲ ಎರಡು ಪಾದಗಳು ಕಿವಿಯಲ್ಲಿ ಕಟ್ಟಿದ ನಿರೀಕ್ಷೆಯನ್ನು ಮೂರನೆಯದು ತುಸು ತಡೆದು, ಬೆಳೆಸಿ, ಬಳಿಕ ತೀರಿಸುತ್ತದೆ. ಭಾಮಿನಿಯಲ್ಲಿ ಬರೆದ ಕುಮಾರವ್ಯಾಸನ ಓಟವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಆ ಓಟ ಓಟವೆನಿಸುವುದು ನಡುನಡುವೆ ಈ ತಡೆಯಿರುವುದರಿಂದ. ಸಮರ್ಥನಾದ ಬೌಲರನು ಮಾಡುವುದೂ ಇದನ್ನೇ. ಒಂದೇ ಅಳತೆಯ ನಾಲ್ಕು ಎಸೆತಗಳಿಂದ ದಾಂಡಿಗನ ಮೈಗೆ ಒಂದು ಲಯವನ್ನು ಕಲಿಸಿ, ಐದನೆಯದರಲ್ಲಿ ಆ ಲಯವನ್ನು ಮುರಿಯುತ್ತಾನೆ.

2

ಈ ಮಾತಿಗೆ ನಮ್ಮ ನಗರದ ಮೈದಾನದಲ್ಲಿಯೇ ಸಾಕ್ಷ್ಯ ದೊರೆಯುತ್ತದೆ. ಹೈದರಾಬಾದಿನ ಫತೇ ಮೈದಾನದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1955ರ ನವೆಂಬರಿನಲ್ಲಿ, ನ್ಯೂಜಿಲೆಂಡ್ ತಂಡದೊಡನೆ. ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರುವುದಕ್ಕೆ ಆಗ ಇನ್ನೂ ಒಂದು ವರ್ಷದಷ್ಟು ಕಾಲ ಉಳಿದಿತ್ತು. ಆ ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದು ಅಂದು ನೆರೆರಾಜ್ಯದ ನಗರವಾಗಿರದೆ ತಮ್ಮ ರಾಜಧಾನಿಯೇ ಆಗಿತ್ತು. ಭಾರತ ತಂಡದ ನಾಯಕತ್ವವನ್ನು ವಹಿಸಿದ್ದವರೂ ಇದೇ ನಗರದ ಆಫ್‌ಸ್ಪಿನ್ ಬೌಲರ್ ಗುಲಾಂ ಅಹಮದ್.

ಆ ಪಂದ್ಯದಲ್ಲಿ ಭಾರತ 4 ವಿಕೆಟ್ಟುಗಳಿಗೆ 498 ರನ್ನು ಮಾಡಿ ಸರದಿಯನ್ನು ಮುಗಿಸಿತು. ಪಾಲಿ ಉಮ್ರಿಗರ್ 223 ರನ್ನು ಗಳಿಸಿದರು; ಟೆಸ್ಟ್ ಪಂದ್ಯದಲ್ಲಿ ಭಾರತೀಯನೊಬ್ಬನ ಪ್ರಥಮ ದ್ವಿಶತಕ ಅದೇ. ಸುಭಾಷ್ ಗುಪ್ತೆಯವರು ತಮ್ಮ ಲೆಗ್‌ಸ್ಪಿನ್ನಿನಿಂದ ಮೊದಲ ಸರದಿಯಲ್ಲಿ 128 ರನ್ನಿಗೆ 7 ವಿಕೆಟ್ಟುಗಳನ್ನು ಪಡೆದರೂ ನ್ಯೂಜಿಲೆಂಡ್ 326 ರನ್ನು ಮಾಡಿತು. ಮತ್ತೆ ಆಡಬೇಕಾಗಿ ಬಂದಾಗ ಬರ್ಟ್ ಸಟ್‌ಕ್ಲಿಫ್ ಔಟಾಗದೆ 137 ರನ್ನು ಗಳಿಸಿ ಪಂದ್ಯವನ್ನು ಉಳಿಸಿದರು. ಫಲಿತಾಂಶವನ್ನಷ್ಟೇ ನೋಡುವವನಿಗೆ ಇದು ಡ್ರಾ. ಆದರೆ ಗುಪ್ತೆಯವರ ಕೈಯಲ್ಲಿ ಚೆಂಡು ಇರುವಷ್ಟು ಹೊತ್ತು ಅದು ನಿಂತ ಆಟವಾಗಿರಲು ಸಾಧ್ಯವಿರಲಿಲ್ಲ. ಒಳಕ್ಕೂ ಹೊರಕ್ಕೂ ತಿರುಗುವ ಎಸೆತಗಳನ್ನು ಬಲ್ಲ ಬೌಲರನ ಮುಂದೆ ದಾಂಡಿಗನು ಪ್ರತಿ ಎಸೆತದಲ್ಲಿಯೂ ಒಂದು ಹೊಸ ನಿರ್ಣಯವನ್ನು ಮಾಡಬೇಕಾಗುತ್ತದೆ; ಪ್ರೇಕ್ಷಕನೂ ಮನಸ್ಸಿನಲ್ಲಿ ಅದನ್ನೇ ಮಾಡುತ್ತಾನೆ.

ಅದೇ ಮೈದಾನದಲ್ಲಿ, ಅದೇ ನ್ಯೂಜಿಲೆಂಡ್ ತಂಡದೊಡನೆ, 1969ರ ಅಕ್ಟೋಬರಿನಲ್ಲಿ ನಡೆದ ಪಂದ್ಯದ ಕಥೆ ಬೇರೆ. ಹುಲ್ಲು ಕತ್ತರಿಸದೆ ಉಳಿದಿದ್ದ ಪಿಚ್ಚಿನ ಮೇಲೆ ಡೇಲ್ ಹ್ಯಾಡ್ಲಿ, ಬಾಬ್ ಕ್ಯೂನಿಸ್ ಮೊದಲಾದವರ ವೇಗದ ಎದುರಿಗೆ ಭಾರತ 89 ರನ್ನಿಗೆ ಕುಸಿಯಿತು. ಎರಡನೆಯ ಸರದಿಯಲ್ಲಿ 7 ವಿಕೆಟ್ಟುಗಳಿಗೆ 76 ರನ್ನಾಗಿದ್ದಾಗ ಮಳೆ ಬಂದು ಸೋಲನ್ನು ತಪ್ಪಿಸಿತು. ಇದೂ ಡ್ರಾ ಆದ ಪಂದ್ಯವೇ. ದಾಖಲೆಯಲ್ಲಿ ಎರಡಕ್ಕೂ ಒಂದೇ ಶಬ್ದ. ಆದರೆ ಒಂದರಲ್ಲಿ ಕಾಲವು ದಾಂಡಿಗನ ಮಿತ್ರನಾಗಿ ವಿಸ್ತಾರವಾಗಿ ಹರಡಿಕೊಂಡಿತ್ತು. ಇನ್ನೊಂದರಲ್ಲಿ ಅದೇ ಕಾಲ ಭಾರತದ ಪಾಲಿಗೆ ಸವೆಯಲೊಲ್ಲದ ಶತ್ರುವಾಗಿ, ಮೋಡವನ್ನು ನೋಡುತ್ತ ಕಳೆಯಬೇಕಾದ ಗಳಿಗೆಗಳಾಗಿ ಪರಿಣಮಿಸಿತು. ಮೈದಾನ ಬದಲಾಗಿರಲಿಲ್ಲ, ಗಡಿಯಾರವೂ ಬದಲಾಗಿರಲಿಲ್ಲ. ಬದಲಾದದ್ದು ನೆಲದ ಗುಣ ಮತ್ತು ಆ ನೆಲ ಬೌಲರನಿಗೆ ಕೊಟ್ಟ ಅಧಿಕಾರ.

3

ಬೌಲರನು ಕಾಲವನ್ನು ಹೇಗೆ ಆಳುತ್ತಾನೆಂಬುದನ್ನು ವಿಶದವಾಗಿ ತಿಳಿಯಲು ಕರ್ನಾಟಕದ ಮೂವರು ಬೌಲರುಗಳಿಗಿಂತ ಒಳ್ಳೆಯ ನಿದರ್ಶನ ಬೇಡ. ಮೂವರೂ ಸ್ಪಿನ್ ಬೌಲರುಗಳು. ಮೂವರ ಕಾಲಪ್ರಮಾಣವೂ ಬೇರೆ ಬೇರೆ.

ಬೆಂಗಳೂರಿನ ಎರಪಳ್ಳಿ ಪ್ರಸನ್ನ ಅವರದು ವಿಳಂಬ ಕಾಲ. ಎಂಜಿನಿಯರಿಂಗ್ ವ್ಯಾಸಂಗಕ್ಕಾಗಿ 1962ರಿಂದ ಸುಮಾರು ಐದು ವರ್ಷ ಟೆಸ್ಟ್ ಪಂದ್ಯಗಳಿಂದ ದೂರವಿದ್ದು, ಮರಳಿ ಬಂದು, 49 ಪಂದ್ಯಗಳಲ್ಲಿ 189 ವಿಕೆಟ್ಟುಗಳನ್ನು ಪಡೆದವರು. ಅವರ ಚೆಂಡು ದಾಂಡಿಗನ ಕಣ್ಣಿನ ಮಟ್ಟಕ್ಕಿಂತ ಮೇಲೇರಿ, ಬಂದೇಬಿಟ್ಟಿತೆಂಬ ಭ್ರಮೆಯನ್ನು ಹುಟ್ಟಿಸಿ, ಕೊನೆಯ ಗಳಿಗೆಯಲ್ಲಿ ನಿರೀಕ್ಷೆಗಿಂತ ಹಿಂದೆ ನೆಲಕ್ಕೆ ಇಳಿಯುತ್ತಿತ್ತು. ಮುಂದಡಿಯಿಟ್ಟ ದಾಂಡಿಗನಿಗೆ ಚೆಂಡು ಸಿಗುವಷ್ಟರಲ್ಲಿ ಅವನ ದಾಂಡು ಅರ್ಧ ದಾರಿಯನ್ನು ಕ್ರಮಿಸಿಬಿಟ್ಟಿರುತ್ತಿತ್ತು. ಇಲ್ಲಿ ದಾಂಡಿಗನನ್ನು ಸೋಲಿಸುವುದು ಚೆಂಡಿನ ತಿರುವಿಗಿಂತ ಹೆಚ್ಚಾಗಿ ಅವನದೇ ಆತುರ. 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಅವರು 76 ರನ್ನಿಗೆ 8 ವಿಕೆಟ್ಟುಗಳನ್ನು ಪಡೆದರು. ರಣಜಿ ಪಾರಿತೋಷಕವನ್ನು ಹದಿನೈದು ವರ್ಷ ಬಿಡದೆ ಗೆದ್ದಿದ್ದ ಮುಂಬಯಿ ತಂಡವನ್ನು 1974ರ ಉಪಾಂತ್ಯ ಪಂದ್ಯದಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಹಿಂದಿಕ್ಕಿದಾಗ ಸುನಿಲ್ ಗಾವಸ್ಕರರನ್ನು ಬೌಲ್ಡ್ ಮಾಡಿದವರೂ ಅವರೇ.

ಮೈಸೂರಿನಲ್ಲಿ ಹುಟ್ಟಿದ ಭಾಗವತ ಚಂದ್ರಶೇಖರ್ ಅವರದು ಇದಕ್ಕೆ ವಿರುದ್ಧವಾದ ಮಾರ್ಗ. ಬಾಲ್ಯದ ಪೋಲಿಯೋ ವ್ಯಾಧಿಯಿಂದ ಸೊರಗಿದ ಬಲಗೈಯನ್ನೇ ಅವರು ಆಯುಧವನ್ನಾಗಿ ಮಾಡಿಕೊಂಡರು. ಆ ತೆಳುವಾದ ತೋಳು ಚಾಟಿಯಂತೆ ಬೀಸಿ ಬರುತ್ತಿದ್ದುದರಿಂದ ಅವರ ಲೆಗ್‌ಬ್ರೇಕ್ ಮತ್ತು ಗೂಗ್ಲಿಗಳಿಗೆ ಮಧ್ಯಮ ವೇಗದ ಬೌಲರನ ಬಿರುಸಿತ್ತು. ಸ್ಪಿನ್ ಎಂದು ಸಿದ್ಧನಾದವನಿಗೆ ವೇಗ ಎದುರಾಗುತ್ತಿತ್ತು. 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ರನ್ನಿಗೆ 6 ವಿಕೆಟ್ಟುಗಳನ್ನು ಪಡೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದನ್ನು ಎಲ್ಲರೂ ಬಲ್ಲರು; ಇಂಗ್ಲೆಂಡಿನ ನೆಲದಲ್ಲಿ ಭಾರತದ ಪ್ರಥಮ ಟೆಸ್ಟ್ ವಿಜಯಕ್ಕೆ ಅದೇ ಕಾರಣವಾಯಿತು. ಆ ದಿನ ಭೋಜನ ವಿರಾಮಕ್ಕೆ ಸ್ವಲ್ಪವೇ ಮುಂಚೆ ಜಾನ್ ಎಡ್ರಿಚ್ ಔಟಾದ ಎಸೆತ ನಮ್ಮ ವಿಷಯಕ್ಕೆ ಮುಖ್ಯವಾದುದು. ಅದು ಅವರ ಎಂದಿನ ಬಿರುಸಿಗಿಂತಲೂ ಬಿರುಸಾದ ಚೆಂಡು. ಎಡ್ರಿಚ್ ದಾಂಡನ್ನು ಇಳಿಸುವುದರೊಳಗೆ ಗೂಟಗಳು ಕದಲಿದ್ದವು. ಮುಂದಿನ ಎಸೆತಕ್ಕೇ ಕೀತ್ ಫ್ಲೆಚರ್ ಔಟಾದರು. ಆಮೇಲೆ ಬಂದದ್ದು ಊಟದ ವಿರಾಮ. ಬಂದು ಆಡಬೇಕಾದ ದಾಂಡಿಗರು ಆ ನಲವತ್ತು ನಿಮಿಷಗಳನ್ನು ಹೇಗೆ ಕಳೆದಿದ್ದಾರೆಂಬುದನ್ನು ಊಹಿಸಬಹುದು. ಎರಡು ಎಸೆತಗಳು ಮುಗಿದದ್ದು ನಿಮಿಷದೊಳಗೆ. ಅವು ತುಂಬಿದ್ದು ಇಡೀ ವಿರಾಮವನ್ನು.

ಮೂರನೆಯವರು ಅನಿಲ್ ಕುಂಬ್ಳೆ. ಅವರದು ಮಧ್ಯಮ ಕಾಲ. ಪ್ರಸನ್ನರ ಏರಿಳಿತವೂ ಇಲ್ಲ, ಚಂದ್ರಶೇಖರರ ಅನಿರೀಕ್ಷಿತವೂ ಇಲ್ಲ. ಒಂದೇ ತಾಣಕ್ಕೆ, ಒಂದೇ ಬಿಗಿಯಿಂದ, ಗಂಟೆಗಟ್ಟಲೆ ಎಸೆದು ದಾಂಡಿಗನಿಗೆ ಉಸಿರಾಡಲು ಎಡೆಗೊಡದಿರುವುದೇ ಅವರ ರೀತಿ. 619 ಟೆಸ್ಟ್ ವಿಕೆಟ್ಟುಗಳು ಈ ಛಲದ ಫಲ. 1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ 420 ರನ್ನುಗಳ ಗುರಿಯನ್ನು ಬೆನ್ನಟ್ಟಿದ್ದ ಪಾಕಿಸ್ತಾನ, ವಿಕೆಟ್ ನಷ್ಟವಿಲ್ಲದೆ 101 ರನ್ನು ಮಾಡಿತ್ತು. ಅಲ್ಲಿಂದ ಮುಂದೆ ಅದು 207ಕ್ಕೆ ಮುಗಿಯಿತು. 74 ರನ್ನು ಕೊಟ್ಟು ಹತ್ತು ವಿಕೆಟ್ಟುಗಳನ್ನೂ ಕುಂಬ್ಳೆ ಒಬ್ಬರೇ ಪಡೆದರು.

ಆ ಭಾನುವಾರ ದೂರದರ್ಶನದ ಮುಂದೆ ಕುಳಿತಿದ್ದ ಲಕ್ಷಾಂತರ ಜನರಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದ ನಾನೂ ಒಬ್ಬ. ನನ್ನ ನೆನಪಿನಲ್ಲಿ ಆಳವಾಗಿ ಉಳಿದಿರುವುದು ಹತ್ತನೆಯ ವಿಕೆಟ್ಟಲ್ಲ. ಅದಕ್ಕೆ ಹಿಂದಿನ ಓವರು. ಒಂಬತ್ತು ವಿಕೆಟ್ಟುಗಳು ಕುಂಬ್ಳೆಯವರ ಪಾಲಿಗೆ ಬಂದಾಗಿತ್ತು. ಇನ್ನೊಂದು ತುದಿಯಿಂದ ಎಸೆಯಬೇಕಾದವರು ಮೈಸೂರಿನ ಜಾವಗಲ್ ಶ್ರೀನಾಥ್. ವಿಕೆಟ್ ಪಡೆಯುವುದಕ್ಕಾಗಿಯೇ ಜೀವಮಾನವಿಡೀ ಓಡಿದ ಆ ವೇಗದ ಬೌಲರನು ಆ ಒಂದು ಓವರಿನಲ್ಲಿ ವಿಕೆಟ್ ಬೀಳದಿರಲೆಂದು ಚೆಂಡನ್ನು ಗೂಟಗಳಿಂದ ದೂರ ದೂರ ಎಸೆದರು. ಏನೂ ನಡೆಯಬಾರದೆಂದು ಎಸೆದ ಓವರು ಅದು. ಏನೂ ನಡೆಯಲೂ ಇಲ್ಲ. ಆದರೂ ಅಷ್ಟು ಉದ್ವೇಗದ ಐದು ನಿಮಿಷಗಳನ್ನು ಆಟದಲ್ಲಿ ನಾನು ಕಂಡದ್ದು ಕಡಿಮೆ.

4

ಏನೂ ನಡೆಯದ ಕಾಲ ಒಮ್ಮೆ ಉದ್ವೇಗಕಾರಿಯಾಗಿಯೂ ಇನ್ನೊಮ್ಮೆ ಬೇಸರದ್ದಾಗಿಯೂ ತೋರುವುದೇಕೆ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹೊತ್ತು ಅಮೆರಿಕದ ಬೇಸ್‌ಬಾಲ್ ಆಟದ ಕಡೆಗೆ ತಿರುಗಬಹುದು. ಬೌಲರನ ಸ್ಥಾನದಲ್ಲಿ ಅಲ್ಲಿ ಪಿಚರ್ ಎಂಬವನಿದ್ದಾನೆ. ಅವನು 60 ಅಡಿ 6 ಅಂಗುಲ ದೂರದಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುತ್ತಾನೆ. ನಮ್ಮಲ್ಲಿ ಎರಡು ತುದಿಗಳಿಂದ ಇಬ್ಬರು ಸರದಿಯಂತೆ ಎಸೆದರೆ ಅಲ್ಲಿ ಒಬ್ಬನೇ ಒಂದೇ ತಾಣದಿಂದ ಎಸೆಯುತ್ತ ಹೋಗುವುದರಿಂದ ಆಟದ ಲಯ ಸಂಪೂರ್ಣವಾಗಿ ಅವನ ಕೈಯಲ್ಲಿರುತ್ತದೆ. ಅವನ ಅತಿ ವೇಗದ ಎಸೆತಕ್ಕೆ ಜೊತೆಯಾಗಿ, ಅದೇ ತೋಳಿನ ಬೀಸಿನಿಂದ ಹೊರಟು ತಡವಾಗಿ ಬರುವ ನಿಧಾನದ ಎಸೆತವೂ ಇರುತ್ತದೆ. ನಮ್ಮ ವೆಂಕಟೇಶ್ ಪ್ರಸಾದ್ ಅವರ ನಿಧಾನದ ಲೆಗ್‌ಕಟರನ್ನು ನೆನೆದರೆ ಇದರ ಮರ್ಮ ಅರ್ಥವಾದೀತು.

1956ರ ಅಕ್ಟೋಬರ್ 8ರಂದು ಅಲ್ಲಿಯ ವರ್ಲ್ಡ್ ಸೀರೀಸ್ ಪಂದ್ಯವೊಂದರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಡಾನ್ ಲಾರ್ಸನ್ 97 ಎಸೆತಗಳಲ್ಲಿ ಎದುರಾಳಿಗಳ 27 ಸರದಿಗಳನ್ನೂ ಮುಗಿಸಿದರು. ಎದುರಾಳಿಗಳಲ್ಲಿ ಒಬ್ಬನೂ ಮೊದಲ ಬೇಸನ್ನು ಸಹ ತಲಪಲಿಲ್ಲ. ಎದುರು ಪಕ್ಷದ ಮಟ್ಟಿಗೆ ಅಂದು ಏನೂ ನಡೆಯಲಿಲ್ಲ. ನಮ್ಮಲ್ಲಿಯೂ ಇಂಥ ಒಂದು ಶೂನ್ಯಸಾಧನೆಯುಂಟು. 1964ರ ಜನವರಿಯಲ್ಲಿ ಮದರಾಸಿನಲ್ಲಿ ಬಾಪು ನಾಡಕರ್ಣಿ ಇಂಗ್ಲೆಂಡಿನ ವಿರುದ್ಧ 32 ಓವರುಗಳನ್ನೆಸೆದು 5 ರನ್ನು ಮಾತ್ರ ಕೊಟ್ಟರು. ಅವುಗಳಲ್ಲಿ 21 ಓವರುಗಳು ಒಂದರ ಹಿಂದೊಂದು ರನ್ನಿಲ್ಲದ ಓವರುಗಳು. ಆದರೆ ವಿಕೆಟ್ ಒಂದೂ ಬೀಳಲಿಲ್ಲ.

ಎರಡೂ ಬೌಲಿಂಗಿನ ನಿಯಂತ್ರಣಕ್ಕೆ ಉತ್ಕೃಷ್ಟ ಉದಾಹರಣೆಗಳು. ಲಾರ್ಸನ್ನರ ಆಟದಲ್ಲಿ ಪ್ರತಿಯೊಂದು ಎಸೆತವೂ ಹಿಂದಿನದರ ಮೇಲೆ ನಿಂತಿತ್ತು. ಹದಿನೈದನೆಯವನು ಔಟಾದಾಗ ಇದ್ದ ನಿರೀಕ್ಷೆಗಿಂತ ಇಪ್ಪತ್ತೈದನೆಯವನು ಔಟಾದಾಗ ಇದ್ದ ನಿರೀಕ್ಷೆ ಹತ್ತರಷ್ಟು. ಒಂದು ಹೊಡೆತ ಬಿದ್ದರೆ ಕಟ್ಟಿದ್ದೆಲ್ಲ ನಷ್ಟ. ನಾಡಕರ್ಣಿಯವರ ಆಟದಲ್ಲಿಯಾದರೋ ದಾಂಡಿಗರು ರನ್ನನ್ನು ಬಯಸಲಿಲ್ಲ, ವಿಕೆಟ್ಟೂ ಬೀಳುವಂತಿರಲಿಲ್ಲ. ಹತ್ತನೆಯ ಓವರಿಗೂ ಇಪ್ಪತ್ತನೆಯದಕ್ಕೂ ಸಂಖ್ಯೆಯ ಹೊರತು ಭೇದವಿರಲಿಲ್ಲ. ಇಷ್ಟರಿಂದ ಒಂದು ಸಿದ್ಧಾಂತಕ್ಕೆ ಬರಬಹುದು. ಆಟದ ಗತಿಯೆಂದರೆ ಚೆಂಡಿನ ವೇಗವಲ್ಲ, ಎಸೆತಗಳ ಸಂಖ್ಯೆಯಲ್ಲ, ರನ್ನುಗಳ ಸಂಖ್ಯೆಯೂ ಅಲ್ಲ. ಎರಡು ಎಸೆತಗಳ ನಡುವಣ ಅವಕಾಶದಲ್ಲಿ ನೋಡುವವನ ಮನಸ್ಸಿನಲ್ಲಿ ನಿರೀಕ್ಷೆ ಬೆಳೆಯುತ್ತಿದ್ದರೆ ಆಟ ಚಲಿಸುತ್ತಿದೆ, ಬೆಳೆಯದಿದ್ದರೆ ನಿಂತಿದೆ.

5

ಈ ಸಿದ್ಧಾಂತದ ಬೆಳಕಿನಲ್ಲಿ ಇಂದಿನ ಸುಧಾರಣೆಗಳನ್ನು ನೋಡಿದರೆ ಅವುಗಳಲ್ಲಿ ಎರಡು ಬಗೆಗಳಿರುವುದು ಕಾಣುತ್ತದೆ. ಅಮೆರಿಕದ ಮೇಜರ್ ಲೀಗ್ 2023ರಲ್ಲಿ ಪಿಚರನಿಗೆ ಗಡಿಯಾರವನ್ನು ಗೊತ್ತುಮಾಡಿತು; ಬೇಸುಗಳಲ್ಲಿ ಯಾರೂ ಇಲ್ಲದಿದ್ದರೆ 15 ಸೆಕೆಂಡುಗಳೊಳಗೆ ಅವನು ಎಸೆಯಲು ತೊಡಗಬೇಕು. 2022ರಲ್ಲಿ ಸರಾಸರಿ ಮೂರು ಗಂಟೆ ದಾಟಿದ್ದ ಪಂದ್ಯ ಒಂದೇ ವರ್ಷದಲ್ಲಿ ಸುಮಾರು 24 ನಿಮಿಷಗಳಷ್ಟು ಕಡಿಮೆಯಾಯಿತು. ಕ್ರಿಕೆಟ್ಟಿನಲ್ಲಿಯೂ ಒಂದು ಓವರು ಮುಗಿದು 60 ಸೆಕೆಂಡುಗಳೊಳಗೆ ಮುಂದಿನದು ಆರಂಭವಾಗಬೇಕೆಂಬ ನಿಯಮ 2023ರ ಕೊನೆಯಿಂದ ಮೊದಲು ಚಿಕ್ಕ ಪಂದ್ಯಗಳಿಗೆ, 2025ರಲ್ಲಿ ಟೆಸ್ಟ್ ಪಂದ್ಯಗಳಿಗೂ ಬಂದಿತು. ಇವನ್ನು ವಿರೋಧಿಸಲು ನನಗೆ ಕಾರಣ ಕಾಣುವುದಿಲ್ಲ. ಕೈಗವಸನ್ನು ಬಿಚ್ಚಿ ಕಟ್ಟುವುದರಲ್ಲಿ, ಕ್ಷೇತ್ರರಕ್ಷಕರನ್ನು ಅನಾವಶ್ಯಕವಾಗಿ ಅತ್ತಿತ್ತ ಕಳಿಸುವುದರಲ್ಲಿ ಕಳೆಯುವ ಕಾಲ ವಿಳಂಬವೇ ಹೊರತು ವಿರಾಮವಲ್ಲ. ವಿಳಂಬದಲ್ಲಿ ನಿರೀಕ್ಷೆ ಬೆಳೆಯುವುದಿಲ್ಲ, ಸೋರಿಹೋಗುತ್ತದೆ.

ಇಪ್ಪತ್ತು ಓವರುಗಳ ಆಟದ ಮಾತು ಬೇರೆ. ಇಂಡಿಯನ್ ಪ್ರೀಮಿಯರ್ ಲೀಗಿನಲ್ಲಿ ಒಂದು ಸರದಿಗೆ ಗೊತ್ತಾದ ಕಾಲ 90 ನಿಮಿಷ, ಎಸೆತಗಳು 120. ಎಂದರೆ ಎಸೆತವೊಂದಕ್ಕೆ 45 ಸೆಕೆಂಡು. ನಿಧಾನವೆಂದು ನಿಂದೆಗೊಳಗಾದ ಟೆಸ್ಟ್ ಪಂದ್ಯಕ್ಕೆ ಗೊತ್ತಾಗಿರುವುದು 40 ಸೆಕೆಂಡು ಮಾತ್ರವೆಂಬುದನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಮೊಟಕುಗೊಂಡ ಆಟ ನಡುವಣ ಅವಕಾಶವನ್ನು ಕಡಿಮೆ ಮಾಡಲಿಲ್ಲ. ಅದನ್ನು ಧ್ವನಿವರ್ಧಕದ ಸಂಗೀತದಿಂದಲೂ ಜಾಹೀರಾತಿನಿಂದಲೂ ತುಂಬಿತು, ಅಷ್ಟೇ. ಅದು ನಿಜವಾಗಿ ಕಸಿದುಕೊಂಡದ್ದು ಬೌಲರನ ಅಧಿಕಾರವನ್ನು. ಒಬ್ಬನಿಗೆ ನಾಲ್ಕೇ ಓವರುಗಳು, 24 ಎಸೆತಗಳು. ಪ್ರಸನ್ನರಂಥವರು ದಾಂಡಿಗನಿಗೆ ಲಯವನ್ನು ಕಲಿಸುವುದಕ್ಕೇ ಅಷ್ಟು ಎಸೆತಗಳನ್ನು ಬಳಸಿಯಾರು. 2024ರ ಮಾರ್ಚ್ 27ರಂದು ನಮ್ಮ ಉಪ್ಪಲ್ ಮೈದಾನದಲ್ಲಿ ಸನ್‌ರೈಸರ್ಸ್ ಹೈದರಾಬಾದ್ ಮತ್ತು ಮುಂಬಯಿ ಇಂಡಿಯನ್ಸ್ ತಂಡಗಳು ಸೇರಿ 523 ರನ್ನುಗಳನ್ನು ಹೊಡೆದವು, ಸಿಕ್ಸರುಗಳೇ 38. ಮೂವತ್ತೆಂಟನೆಯದನ್ನು ಮೊದಲನೆಯದರಷ್ಟೇ ಕುತೂಹಲದಿಂದ ಕಂಡವರು ಎಷ್ಟು ಮಂದಿಯೋ ತಿಳಿಯದು.

ಅದೇ ಉಪ್ಪಲ್ ಮೈದಾನದಲ್ಲಿ ಅದಕ್ಕೆ ಎರಡು ತಿಂಗಳು ಮುಂಚೆ, 2024ರ ಜನವರಿಯಲ್ಲಿ, ಭಾರತ ಮತ್ತು ಇಂಗ್ಲೆಂಡ್ ಟೆಸ್ಟ್ ಪಂದ್ಯವನ್ನಾಡಿದವು. ಮೊದಲ ಸರದಿಯಲ್ಲಿ 190 ರನ್ನು ಹಿಂದೆ ಬಿದ್ದ ಇಂಗ್ಲೆಂಡಿನ ಪರವಾಗಿ ಓಲಿ ಪೋಪ್ 196 ರನ್ನು ಗಳಿಸಿದರು. ನಮ್ಮ ಸ್ಪಿನ್ ಬೌಲರುಗಳ ಚೆಂಡು ತಿರುಗುವ ಮೊದಲೇ ಅದನ್ನು ಅಡ್ಡಹೊಡೆತದಿಂದಲೂ ತಿರುವುಹೊಡೆತದಿಂದಲೂ ಬಾಚಿ, ಕಾಲದ ಮೇಲಿನ ಅಧಿಕಾರವನ್ನು ದಾಂಡಿಗನೂ ಕಿತ್ತುಕೊಳ್ಳಬಲ್ಲನೆಂದು ಅವರು ತೋರಿಸಿಕೊಟ್ಟರು. ಗೆಲ್ಲಲು 231 ಬೇಕಾಗಿದ್ದ ಭಾರತವನ್ನು ಮೊದಲ ಟೆಸ್ಟ್ ಪಂದ್ಯವನ್ನಾಡುತ್ತಿದ್ದ ಟಾಮ್ ಹಾರ್ಟ್ಲಿ 62 ರನ್ನಿಗೆ 7 ವಿಕೆಟ್ ಪಡೆದು 202ಕ್ಕೆ ಮುಗಿಸಿದರು. ಇದೇ ಹಾರ್ಟ್ಲಿ ಮೊದಲ ಸರದಿಯಲ್ಲಿ 131 ರನ್ನು ಕೊಟ್ಟು ಎರಡೇ ವಿಕೆಟ್ ಪಡೆದಿದ್ದರು. ನಾಲ್ಕೇ ಓವರುಗಳ ಆಟವಾಗಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸೋತವನಿಗೆ ಕಲಿತು ಮರಳಿ ಬರಲು ಬೇಕಾದ ಕಾಲವನ್ನು ದೀರ್ಘವಾದ ಆಟ ಕೊಡುತ್ತದೆ. ನಮ್ಮವರು 28 ರನ್ನುಗಳಿಂದ ಸೋತ ಪಂದ್ಯವಾದರೂ ಈ ಮಾತನ್ನು ಒಪ್ಪಲೇಬೇಕು.

ಕೊನೆಯದಾಗಿ ಇನ್ನೊಂದು ವಿಷಯ. ಎಸೆತಗಳ ನಡುವಣ ಅವಕಾಶ ನಮ್ಮ ಹಿರಿಯರಿಗೆ ಮಾತಿನ ಅವಕಾಶವೂ ಆಗಿತ್ತು. ಸುತ್ತಲೂ ದಖನಿ ಉರ್ದುವೂ ತೆಲುಗೂ ಕೇಳಿಬರುವ ಈ ನಗರದ ಮೈದಾನದಲ್ಲಿ, ಮುಂದಿನ ಚೆಂಡು ಏಕೆ ನಿಧಾನವಾಗಿ ಬಂದೀತೆಂಬುದನ್ನು ತಂದೆ ಮಗನಿಗೆ ಕನ್ನಡದಲ್ಲಿ ವಿವರಿಸಲು ಆ ನಲವತ್ತು ಸೆಕೆಂಡುಗಳು ಸಾಕಾಗುತ್ತಿದ್ದವು. ಅದರ ಸ್ಥಾನದಲ್ಲಿ ಈಗ ಧ್ವನಿವರ್ಧಕವಿದೆ. ಪರಸ್ಥಳದಲ್ಲಿ ನೆಲಸಿದ ನಮಗೆ ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡಲು ದೊರೆಯುವ ಸಂದರ್ಭಗಳೇ ವಿರಳವಾಗಿರುವಾಗ ಇದೂ ಒಂದು ನಷ್ಟವೆಂದು ತೋರುತ್ತದೆ. ಮುಂದಿನ ಟೆಸ್ಟ್ ಪಂದ್ಯ ಉಪ್ಪಲಿಗೆ ಬಂದಾಗ ವಾಚಕರು ಒಂದು ದಿನವಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ, ಕಣ್ಣನ್ನು ದಾಂಡಿನ ಮೇಲಲ್ಲದೆ ಬೌಲರನ ಕೈಯ ಮೇಲೆ ನೆಟ್ಟು ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಆಟ ನಿಧಾನವೋ ಅಲ್ಲವೋ ಎಂಬುದು ಆಗ ಅವರಿಗೇ ವಿದಿತವಾದೀತು.